ದಾರ ಯಾಕೆ ಹರಿಯುತ್ತಿತ್ತು

ಧನಕವಡಿಯಲ್ಲಿ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನಾನೂ ನನ್ನ ಮೈದುನನ ಹೆಂಡತಿಯೂ ಸೇರಿ ಹಳೆ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತೇವೆ. ವಿಜಯಪುರದ ಕಡೆಯ ನಮಗೆ ಅದೇನು ಹೊಸ ವಿದ್ಯೆಯಲ್ಲ. ಇಲ್ಲಿಯ ಮರಾಠಿ ಜನ ಅದನ್ನೇ ಗೋಧಡಿ ಎನ್ನುತ್ತಾರೆ. ಮುಚ್ಚಿಹೋದ ಗಾರ್ಮೆಂಟ್ ಕಾರ್ಖಾನೆಯೊಂದರಿಂದ ದೊಡ್ಡ ಮಷೀನು ತಂದ ಮೇಲೆ, ಕೈಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ಹೊತ್ತಿನಲ್ಲಿ ಮುಗಿಯತೊಡಗಿತು.

ಆ ದಿನ ನಾನು ಊರೊಳಗಿನ ಸದಾಶಿವ ಪೇಠೆಯ ಅಂಗಡಿಯಿಂದ ದಾರದ ಉಂಡೆಗಳನ್ನು ಹೊತ್ತು ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಂಗಿ (ಮೈದುನನ ಹೆಂಡತಿಯನ್ನು ನಾನು ಹಾಗೇ ಕರೆಯುವುದು) ಮಷೀನಿನ ಮುಂದೆ ಸಿಟ್ಟಿನಿಂದ ಕೂತಿದ್ದಳು.

"ಅಕ್ಕಾ, ಮುಂಜಾನಿಂದ ದಾರ ಭಾಳ ಹರೀಲಿಕ್ಕತ್ತದ. ನಾಕು ಹೊಲಿಗಿ ಬಿದ್ರ ಮತ್ತ ಪಟಕ್ ಅಂತದ."

ಅವಳನ್ನು ಎಬ್ಬಿಸಿ ನಾನು ಕೂತೆ. ಮೊದಲು ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಪೋಣಿಸಿದೆ. ಹರಿಯಿತು. ದಾರ ಬಿಗಿ ಮಾಡುವ ತಿರುಪನ್ನು ಸಡಿಲಿಸಿ, ಅದರ ಬಿಲ್ಲೆಗಳ ನಡುವೆ ಸಿಕ್ಕಿದ್ದ ಹತ್ತಿಯ ಧೂಳು ಒರೆಸಿದೆ. ಮತ್ತೂ ಹರಿಯಿತು. ಹಳೆಯ ದಾರವೇ ಕೊಳೆತಿರಬೇಕೆಂದು ಆಗಷ್ಟೇ ತಂದ ಉಂಡೆ ಹಾಕಿ ನೋಡಿದೆ. ಕೆಳಗಿನ ಬಾಬಿನ್ ಬಿಚ್ಚಿ ತೊಳೆದಂತೆ ಸ್ವಚ್ಛ ಮಾಡಿದೆ. ಯಾವುದಕ್ಕೂ ಜಗ್ಗಲಿಲ್ಲ.

ಆಮೇಲೆ ಹರಿದ ದಾರದ ತುದಿಯನ್ನು ಬೆಳಕಿಗೆ ಹಿಡಿದೆ. ಬಿಗಿ ಹೆಚ್ಚಾಗಿ ಹರಿದ ದಾರದ ತುದಿ ಚೊಕ್ಕವಾಗಿರುತ್ತದೆ. ಇದು ಎಳೆಎಳೆಯಾಗಿ ಬಿಚ್ಚಿ, ಬೆಕ್ಕಿನ ಮೀಸೆಯ ಹಾಗೆ ಕೆದರಿತ್ತು. ಎಲ್ಲೋ ಚೂಪಾದದ್ದೊಂದು ಅದನ್ನು ಕೆರೆಯುತ್ತಿತ್ತು. ಸೂಜಿ ಹೊಸದು, ಹಿಂದಿನ ದಿನವಷ್ಟೇ ಹಾಕಿದ್ದು ಎಂದು ನಾವಿಬ್ಬರೂ ಅದನ್ನು ಬಿಚ್ಚಿ ನೋಡಿರಲೇ ಇಲ್ಲ. ಈಗ ಸಡಿಲಿಸಿ ಅಂಗೈ ಮೇಲೆ ಇಟ್ಟುಕೊಂಡೆ.

ದಾರದ ಕಣ್ಣಿನ ಕೆಳಗೆ ಸೂಜಿಗೆ ಮೊನೆಯೇ ಇರಲಿಲ್ಲ.

"ತಂಗಿ, ಇದು ಯಾವಾಗ ಮುರೀತು?"

ಅವಳು ಬಗ್ಗಿ ನೋಡಿದಳು. ಮುಖದ ಬಣ್ಣವೇ ಹೋಯಿತು. "ಮುಂಜಾನೆ ಮೊದಲನೇ ಕೌದಿ ಮೂಲಿ ಹೊಲಿಯುವಾಗ ಟಕ್ ಅಂತು, ಅಕ್ಕಾ. ದಪ್ಪಗ ಇತ್ತು, ಅದಕ್ಕ ಹಂಗ ಅಂತು ಅಂದ್ಕೊಂಡೆ."

"ಆ ಕೌದಿ ಎಲ್ಲಿ ಅದ?"

ಕೇಳಿದಾಗಲೇ ಉತ್ತರ ನನಗೆ ಗೊತ್ತಿತ್ತು. ಪಕ್ಕದ ಕಟ್ಟಡದಲ್ಲಿ ಕರಾವಳಿಯ ಕಡೆಯ ಹೋಟೆಲಿನವರ ಮನೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಅಜ್ಜಿಯಾದವರು ತಮ್ಮ ಮೆತ್ತನೆಯ ಹಳೇ ಸೀರೆಗಳನ್ನು ತಂದುಕೊಟ್ಟು, ತಿಂಗಳೂ ತುಂಬದ ಮೊಮ್ಮಗಳಿಗೆಂದು ಕೌದಿ ಹೊಲಿಸಿದ್ದರು. ಅಂದಿನ ಮೊದಲನೇ ಕೌದಿ ಅದೇ; ಮುಗಿಯುವುದನ್ನೇ ಕಾದು ಬೆಳಿಗ್ಗೆಯೇ ಒಯ್ದಿದ್ದರು.

ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತವನ್ನು ಒಂದು ಕೈಯಲ್ಲಿ, ಮುರಿದ ಸೂಜಿಯನ್ನು ಇನ್ನೊಂದರಲ್ಲಿ ಹಿಡಿದು ಓಡಿದೆ. ಕಾಲಲ್ಲಿ ಚಪ್ಪಲಿ ಇಲ್ಲವೆಂದು ತಿಳಿದದ್ದು ಅವರ ಬಾಗಿಲಲ್ಲಿ.

"ಎಂತ ಆಯ್ತು ಮಾರಾಯ್ತಿ? ಹೀಗೆ ಓಡಿ ಬಂದದ್ದು?" ಅಜ್ಜಿ ಗಾಬರಿಯಾದರು.

"ಮಗೂನ ಎತ್ಕೋರಿ. ಮೊದಲ ಎತ್ಕೋರಿ, ಆಮ್ಯಾಲ ಹೇಳ್ತೀನಿ."

"ಈಗಷ್ಟೇ ಕಣ್ಣು ಮುಚ್ಚಿದೆ," ಎಂದಳು ಮಗಳು ಒಳಗಿನಿಂದ. "ಬೆಳಿಗ್ಗೆಯಿಂದ ಒಂದೇ ಸಮ ಕೂಗ್ತಾ ಇತ್ತು. ಹೊಟ್ಟೆನೋವು ಅಂತ ಓಮದ ನೀರು ಕುಡಿಸಿದ್ದು."

ಅಂಗೈ ತೆರೆದು ಸೂಜಿ ತೋರಿಸಿದೆ. ತಾಯಿಯಾದ ಆ ಹುಡುಗಿ ಮಗುವನ್ನು ಬಾಚಿ ಎತ್ತಿಕೊಂಡು ಮೈಮೇಲಿನ ಝಬಲಾ ಅಂಗಿ ಬಿಚ್ಚಿದಳು. ಎಡ ಹೆಗಲ ಹಿಂದೆ ಕೆಂಪು ಗೀರು. ಬೆರಳಿನಷ್ಟೂ ಉದ್ದವಿಲ್ಲ. ಆದರೆ ಅಷ್ಟು ಸಣ್ಣ ಬೆನ್ನಿನ ಮೇಲೆ ಅದು ದೊಡ್ಡದಾಗಿ ಕಂಡಿತು.

ಅಯಸ್ಕಾಂತವನ್ನು ಕೌದಿಯ ಮೇಲೆ ನಿಧಾನವಾಗಿ ಎಳೆದೆ. ಒಂದು ಮೂಲೆಯಲ್ಲಿ ಬಟ್ಟೆ ತಾನೇ ಮೇಲೆದ್ದು ಅಯಸ್ಕಾಂತಕ್ಕೆ ಅಂಟಿತು. ಅಜ್ಜಿ ಕತ್ತರಿ ತಂದರು. ಹೊಲಿಗೆ ಬಿಚ್ಚಿದಾಗ ರವೆಯ ಕಾಳಿನಷ್ಟು ಕಬ್ಬಿಣದ ಚೂರು ಸಿಕ್ಕಿತು. "ಸಿಕ್ಕಿತಲ್ಲ, ದೇವರೇ," ಎಂದು ಅವರು ಕತ್ತರಿ ಕೆಳಗಿಟ್ಟರು.

ನನಗೆ ಸಮಾಧಾನವಾಗಲಿಲ್ಲ. ಹಿಂದೆಯೇ ಓಡಿಬಂದಿದ್ದ ತಂಗಿ ಒಂದು ಹೊಸ ಸೂಜಿ ತಂದಿದ್ದಳು. ಅದರ ಪಕ್ಕ ಮುರಿದದ್ದನ್ನು ಇಟ್ಟು, ತುದಿಗೆ ಆ ಚೂರನ್ನು ಜೋಡಿಸಿದೆ. ಉದ್ದ ಸರಿಹೋಗಲಿಲ್ಲ. ಚೂರಿಗೆ ಚೂಪೂ ಇರಲಿಲ್ಲ. ಅದು ನಡುವಿನ ತುಂಡು. ಮೊನೆ ಇನ್ನೂ ಎಲ್ಲೋ ಇತ್ತು.

ಮೂರನ್ನೂ ತಂಗಿಯ ಕಡೆ ಸರಿಸಿದೆ. ತಂಗಿಯೇ ಅಂದಳು: "ಇನ್ನೊಂದು ಅದ ರೀ."

ಹುಡುಗಿ ಕಿರುಚಿಕೊಂಡಳು. ಮಗುವೂ ಎದ್ದು ಕೂಗತೊಡಗಿತು. ಕೌದಿಯ ಪ್ರತಿ ಅಂಗುಲ, ಹಾಸಿಗೆ, ನೆಲ, ಎಲ್ಲದರ ಮೇಲೂ ಅಯಸ್ಕಾಂತ ಆಡಿಸಿದೆವು. ಏನೂ ಇಲ್ಲ. ಕೊನೆಗೆ ಮಗಳು ಬಿಚ್ಚಿ ಎಸೆದಿದ್ದ ಝಬಲಾವನ್ನು ಅಜ್ಜಿ ಎತ್ತಿಕೊಟ್ಟರು. ಹೆಗಲ ಹೊಲಿಗೆಯ ಮೇಲೆ ಅಯಸ್ಕಾಂತ ಹಿಡಿದಾಗ 'ಟಿಕ್' ಎಂದಿತು. ಕೌದಿಯಿಂದ ಜಾರಿ ಬಂದ ಮೊನೆ ಬಟ್ಟೆಯ ಒಳಮುಖಕ್ಕೆ, ಮೈ ಕಡೆಗೆ ತಿರುಗಿ ನಿಂತಿತ್ತು. ಕೂಸು ಹೊರಳಿದಾಗಲೆಲ್ಲ ಅದು ಚುಚ್ಚಿತ್ತು.

ಎರಡೂ ಚೂರು ಜೋಡಿಸಿದಾಗ ಸೂಜಿ ಪೂರ್ತಿಯಾಯಿತು. ಡಾಕ್ಟರ ಬಳಿ ನಾನೂ ಹೋದೆ. ಚರ್ಮ ತರಚಿದೆ ಅಷ್ಟೇ, ಒಳಗೇನೂ ಹೋಗಿಲ್ಲ ಎಂದು ಅವರು ಮುಲಾಮು ಹಚ್ಚಿ ಕಳಿಸಿದರು. ಹಿಂದಿರುಗುವಾಗ ರಿಕ್ಷಾದಲ್ಲಿ ಹುಡುಗಿ ನನ್ನ ಕಡೆ ನೋಡದೆಯೇ ಕೇಳಿದಳು: "ಕಣ್ಣಿಗೆ ಹೋಗಿದ್ರೆ?"

ತಂಗಿ ಎಷ್ಟೋ ದಿನ ಮಷೀನಿನ ಹತ್ತಿರ ಬರಲಿಲ್ಲ. ನಾನು ಹೊಸ ಸೂಜಿ ಹಾಕಿದರೂ ದಾರ ಆಗಾಗ ಹರಿಯುತ್ತಲೇ ಇತ್ತು. ಸೂಜಿ ಇಳಿಯುವ ತೂತಿನ ಅಂಚಿಗೆ ಉಗುರು ತಾಗಿಸಿದರೆ ತೊಡಕುತ್ತಿತ್ತು. ಮುರಿಯುವಾಗ ಸೂಜಿ ಅಲ್ಲಿ ಕಚ್ಚು ಮಾಡಿತ್ತು. ನಯವಾದ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಹರಿಯುವುದು ನಿಂತಿತು.

ವಾರದ ಮೇಲೆ ಅಜ್ಜಿ ಬಂದರು. ತೊಳೆದು ಮಡಿಸಿದ ಕೌದಿ ಕಂಕುಳಲ್ಲಿತ್ತು. ಬಿಚ್ಚಿದ ಮೂಲೆ ಹಾಗೇ ಇತ್ತು. ಈಗಲೇ ಹೊಲಿದುಕೊಡುತ್ತೇನೆ ಎಂದು ಕೈ ಚಾಚಿದೆ. ಅವರು ಕೌದಿಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡರು.

"ಬೇಡ. ನಾನೇ ಕೈಯಲ್ಲಿ ಹೊಲೀತೇನೆ," ಎಂದರು. "ಇದೇ ಬಣ್ಣದ ದಾರ ಒಂಚೂರು ಇದ್ದರೆ ಕೊಡಿ."

ಅದು ಬೈಗುಳವೋ ಕ್ಷಮೆಯೋ ನನಗೆ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಉಂಡೆಯಿಂದ ದಾರ ಎಳೆದು ಅವರ ಬೆರಳಿಗೆ ಸುತ್ತಿಕೊಟ್ಟೆ.