ರಟ್ಟಿನ ಅಂಗಡಿಯ ಗಿರಾಕಿ

ಅಕ್ಕುತಾಯಿಗೆ ಸಿಟ್ಟು ಜಾಸ್ತಿ ಅಂತ ನಮ್ಮ ವಾಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ, ಹೇಳಲಿ. ಯಾಕೆ ಸಿಟ್ಟು ಅಂತ ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಸುಗಂಧಾ, ಅವಳ ಅಂಗನವಾಡಿಯಲ್ಲಿ ಸಹಾಯಕಿ. ಒಲೆಯ ಮುಂದೆ ನಾನು, ಮಕ್ಕಳ ಮುಂದೆ ಅವಳು.

ಅಕ್ಕುತಾಯಿ ಪಾಲಬಾವಿಯ ಕೂಲಿಯವರ ಮಗಳು. ಹತ್ತನೆಯ ತರಗತಿ ಪಾಸಾದ ವರ್ಷವೇ ಶಿರಗುಪ್ಪಿಯ ಆಚೆ, ಕಬ್ಬಿನ ನಡುವೆ ಇರುವ ನಮ್ಮ ವಾಡಿಗೆ ಸೊಸೆಯಾಗಿ ಬಂದಳು. ಗಂಡ ನಾಮದೇವ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಅದರ ಕೆಳಗೆ ಅಕ್ಕುತಾಯಿಯ ಮಾರ್ಕ್ಸ್ ಕಾರ್ಡು ಇದೆ. ಎರಡಕ್ಕೂ ಅವಳು ಒಂದೇ ಅರಿವೆಯಿಂದ ಧೂಳು ಒರೆಸುತ್ತಾಳೆ. ಮಗ ವಿಶ್ವಾಸ ಮತ್ತು ಸೊಸೆ ದಿನಾ ಮಿರಜಕ್ಕೆ ಕೆಲಸಕ್ಕೆ ಹೋಗಿ ಬರುತ್ತಾರೆ. ಅವರ ಮಗಳು ಪೂನಮ ಹಗಲೆಲ್ಲ ನಮ್ಮ ಅಂಗನವಾಡಿಯಲ್ಲೇ ಇರುತ್ತಾಳೆ. ಮೂರೂವರೆ ವರ್ಷದ ಕೂಸು.

ಆಟದ ಸಾಮಾನಿಗಾಗಿ ಅಕ್ಕುತಾಯಿ ಯಾರ ಮುಖವನ್ನೂ ನೋಡಿದವಳಲ್ಲ. "ಮ್ಯಾಲಿಂದ ಬರಲಿ ಅಂತ ಕಾಯ್ಕೋತ ಕುಂತ್ರ ಹುಡುಗೂರಿಗೆ ಮೀಸಿ ಬರ್ತಾವ" ಅನ್ನುತ್ತಾಳೆ. ಹೋದ ದೀಪಾವಳಿಯ ನಂತರ ಅವಳೇ ಒಂದು ಕಿರಾಣಿ ಅಂಗಡಿ ಹೂಡಿದಳು. ರಟ್ಟಿನ ಪೆಟ್ಟಿಗೆಯೇ ಕಟ್ಟೆ. ಚಹಾಪುಡಿಯ ಖಾಲಿ ಡಬ್ಬಿ, ಸೋಪಿನ ರಟ್ಟು, ಕರಿಮಣ್ಣಿನಲ್ಲಿ ಮಾಡಿದ ಬೆಲ್ಲದ ಹೆಂಟೆ. ವಿಶ್ವಾಸ ಮಿರಜದಿಂದ ಪ್ಲಾಸ್ಟಿಕ್ ಬದನೆಕಾಯಿ, ಟೊಮ್ಯಾಟೊ, ಒಂದು ಪುಟ್ಟ ತಕ್ಕಡಿ ತಂದುಕೊಟ್ಟ. ಮಕ್ಕಳಿಗೆ ಊಟವೂ ಬೇಡವಾಯಿತು. ಒಬ್ಬ ಸೋಪಿನ ರಟ್ಟನ್ನೇ ಫೋನು ಮಾಡಿಕೊಂಡು ಗೋಡೆಗೆ ಹಿಡಿದು, "ಹೋದೂ ನೋಡ್ರಿ ರೊಕ್ಕಾ" ಅನ್ನುತ್ತಿದ್ದ. ಒಬ್ಬಳು "ಚಿಲ್ಲರ ಇಲ್ಲ, ಚಾಕಲೇಟ ತಗೋರಿ" ಅನ್ನುತ್ತಿದ್ದಳು. ನಕ್ಕು ನಕ್ಕು ನನ್ನ ಅನ್ನ ಎಷ್ಟೋ ಸಲ ತಳ ಹಿಡಿದಿದೆ.

ಅವತ್ತು ಅಂಗಡಿಕಾರನಾಗುವ ಪಾಳಿ ಸಮರ್ಥನದು. ಅವನು ಗಿರಿಜವ್ವನ ಮೊಮ್ಮಗ. ಗಿರಿಜವ್ವ ಅಂದರೆ ನಮ್ಮ ವಾಡಿಗೆ ಇರುವ ಒಂದೇ ಕಿರಾಣಿ ಅಂಗಡಿಯ ಒಡತಿ. ಹುಡುಗ ಥೇಟ್ ಅಜ್ಜಿಯ ಹಾಗೆ ಗಲ್ಲಕ್ಕೆ ಕೈ ಹಚ್ಚಿ ಕೂತ. ಒಬ್ಬಳು ಟೊಮ್ಯಾಟೊ ಕೇಳಿದಳು, ಕೈಗೆ ಕೊಟ್ಟ. ಇನ್ನೊಬ್ಬ ಚಹಾಪುಡಿ ಕೇಳಿದ, ಕೈಗೆ ಕೊಟ್ಟ. ಆಮೇಲೆ ಪೂನಮ ಬಂದಳು. ಅವಳು ಕಟ್ಟೆಯ ಹತ್ತಿರ ಹೋಗಲೇ ಇಲ್ಲ. ಮೊಳ ದೂರ ನಿಂತು ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಸಮರ್ಥ ಎದ್ದು ನಿಂತ, ಕೈ ಮೇಲೆತ್ತಿದ, ಬದನೆಕಾಯಿಯನ್ನು ಮೇಲಿನಿಂದಲೇ ಅದರೊಳಗೆ ಬಿಟ್ಟ.

ಇಬ್ಬರಿಗೂ ಯಾರೂ ಕೂರಿಸಿಕೊಂಡು ಪಾಠ ಮಾಡಿರಲಿಲ್ಲ. ಗಿರಿಜವ್ವನ ಅಂಗಡಿಯಲ್ಲಿ ಅಕ್ಕುತಾಯಿಯ ಓಣಿಯವರಿಗೆ ಸಾಮಾನು ಕೊಡುವುದೇ ಹಾಗೆ. ನಾನು ಹೋದರೆ ಕೈಗೆ ಕೊಡುತ್ತಾಳೆ. ಅವರು ಹೋದರೆ ಮೇಲಿನಿಂದ ಸೆರಗಿಗೆ ಹಾಕುತ್ತಾಳೆ. ಫೋನಿನಿಂದ ಬರುವ ಅವರ ರೊಕ್ಕಕ್ಕೆ ಮಾತ್ರ ಯಾವ ಮೈಲಿಗೆಯೂ ಇಲ್ಲ.

ಅಕ್ಕುತಾಯಿ ಹುಡುಗನನ್ನು ಬೈಯಲಿಲ್ಲ. ಪೂನಮಳನ್ನು ಎತ್ತಿ ಕಟ್ಟೆಯ ಹಿಂದೆ ಕೂರಿಸಿದಳು. ತಾನು ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿ, "ಸಾವಕಾರ, ಪಾವ ಕಿಲೋ ಬೆಲ್ಲಾ ಕೊಡ್ರಿ" ಅಂದಳು. ಪೂನಮ ಮಣ್ಣಿನ ಬೆಲ್ಲ ತೂಗಿದಳು, ಎತ್ತಿ ಹಿಡಿದಳು, ಅಜ್ಜಿಯ ಅಂಗೈ ನೋಡಿ ಕಿಲಕಿಲ ನಕ್ಕಳು.

"ಹಂಗಲ್ಲ ಆಯಿ. ಸೆರಗ ಹಿಡಿ."

ನನ್ನ ಮೈಯೆಲ್ಲ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ಅಕ್ಕುತಾಯಿ ಎದ್ದು ನನ್ನ ಒಲೆಯ ಹತ್ತಿರ ಬಂದಳು. "ಆಕಿಗೆ ಕಲಿಸಿದಾಕಿ ನಾನ, ಸುಗಂಧಾ. ಕಂಕುಳಾಗ ಎತ್ಕೊಂಡು ಹೋಗಿ ಸೆರಗ ಒಡ್ಡಿ ತೋರಿಸೀನಿ" ಅಂದಳು. ಅವಳ ಕಣ್ಣಲ್ಲಿ ನೀರು ಹುಡುಕಿದೆ. ಇರಲಿಲ್ಲ.

ಸಂಜೆ ಪೂನಮಳ ಕೈ ಹಿಡಿದು ಗಿರಿಜವ್ವನ ಅಂಗಡಿಗೆ ಹೋದಳು. ನಾನೂ ಬೆನ್ನು ಹತ್ತಿದೆ. ಬೆಲ್ಲ ಕೇಳಿದಳು. ಗಿರಿಜವ್ವ ಕಟ್ಟಿ, ರೂಢಿಯಂತೆ ಕೈ ಮೇಲೆತ್ತಿದಳು. ಕೆಳಗೆ ಸೆರಗಿಲ್ಲ, ಅಂಗೈ ಇದೆ.

"ಏನ ಇದ ಹೊಸಾದು? ಸೆರಗ ಎಲ್ಲಿ ಹೋತ ನಿಂದು?"

"ಸೆರಗ ಮೈಮ್ಯಾಲ ಇರಾಕ ಐತ್ರಿ. ಕೈಗೆ ಕೊಡ್ರಿ."

ತನ್ನ ಮೊಮ್ಮಗನಿಗೆ ಅಕ್ಷರ ಕಲಿಸುವವಳನ್ನು ಗಿರಿಜವ್ವ ಏಕವಚನದಲ್ಲಿ ಕರೆಯುತ್ತಾಳೆ. ಅಕ್ಕುತಾಯಿ ಅವಳಿಗೆ 'ರಿ' ಹಚ್ಚುತ್ತಾಳೆ. ಇದೂ ರೂಢಿಯೇ! ನಡೆದದ್ದೇನೆಂದು ಅಕ್ಕುತಾಯಿ ಹೇಳಿದಳು. ಗಿರಿಜವ್ವ ನಕ್ಕುಬಿಟ್ಟಳು. "ನಾ ಯಾರಿಗರ ಜಾತಿ ಎತ್ತಿ ಮಾತಾಡೇನೇನ? ಹಿರ್ಯಾರು ನಡಿಸ್ಕೊಂಡ ಬಂದಾರ, ನಡದೈತಿ. ಹುಡುಗೂರ ಆಟಕ್ಕ ಇಷ್ಟ ಸಿಟ್ಟ ಮಾಡ್ಕೊಂತಾರೇನ ಯಾರರ?"

"ಆಟ ಅವರದ್ದಲ್ರಿ, ನಮ್ಮದು. ನಮ್ಮನ್ನ ನೋಡಿ ಆಡಾಕತ್ತಾವ."

ಅಷ್ಟರಲ್ಲಿ ಕಬ್ಬು ಕಡಿದು ಬಂದವರು, ಹಾಲು ಹಾಕಿ ಬಂದವರು ಅಂಗಡಿಯ ಮುಂದೆ ನಿಂತರು. ಒಬ್ಬ ದೊಡ್ಡಮನುಷ್ಯ "ಹೋಗ್ಲಿ ಬಿಡ್ರಿ ಟೀಚರ್, ಹೊಂದ್ಕೊಂಡ ಹೋಗ್ಬೇಕು" ಅಂದ. ಹೊಂದಿಕೊಳ್ಳುವುದು ಯಾವಾಗಲೂ ಸೆರಗು ಒಡ್ಡುವವರ ಪಾಲಿಗೇ ಬರುತ್ತದೆ, ಅವನ ಪಾಲಿಗೆ ಬರುವುದಿಲ್ಲ. ಅವನ ಚಹಾಕ್ಕೆ ಉಪ್ಪು ಬೀಳಲಿ.

ಗಿರಾಕಿಗಳು ನೋಡುತ್ತಿದ್ದರಲ್ಲ, ಗಿರಿಜವ್ವನ ದನಿ ಬದಲಾಯಿತು. "ಆತವಾ. ಕೂಸಿನ ಕೈಯಾಗ ಕೊಡ್ತೇನಿ ತಗೋ, ದೇವರಂಥಾ ಕೂಸು. ನಿಂದು ಹೆಂಗ ನಡದೈತಿ ಹಂಗ ನಡೀಲಿ" ಅಂದವಳೇ ಬಗ್ಗಿ, ಬೆಲ್ಲದ ಪೊಟ್ಟಣವನ್ನು ಪೂನಮಳ ಮುಂದೆ ಹಿಡಿದಳು.

ಅಕ್ಕುತಾಯಿ ಬಂದದ್ದು ಇದಕ್ಕೇ ಅಲ್ಲವೇ, ಕೂಸಿಗೆ ಕೈಯಲ್ಲಿ ಸಿಗಲಿ ಅಂತ? ಒಪ್ಪಿಕೊಳ್ಳುತ್ತಾಳೆ ಅಂದುಕೊಂಡೆ. ಪೂನಮ ಆಸೆಯಿಂದ ಕೈ ಎತ್ತಿದಳು. ಅಕ್ಕುತಾಯಿ ಆ ಕೈಯನ್ನು ಗಪ್ಪನೆ ಹಿಡಿದಳು.

"ಕೂಸು ಎಷ್ಟ ವರ್ಷದ ತನಕಾ ದೇವರಂಥಾದ್ದ ಇರತೈತ್ರಿ ಗಿರಿಜವ್ವಾರ? ಯಾವ ವರ್ಷದಿಂದ ಸೆರಗ ಒಡ್ಡಬೇಕು, ಅದನ್ನೂ ಇವತ್ತ ಹೇಳಿಬಿಡ್ರಿ."

ಬೆಲ್ಲ ಗಿರಿಜವ್ವನ ಕೈಯಲ್ಲೇ ಉಳಿಯಿತು. ಅಕ್ಕುತಾಯಿ ಅಳುತ್ತಿದ್ದ ಮೊಮ್ಮಗಳನ್ನು ಎಳೆದುಕೊಂಡು ಬಿರಬಿರನೆ ಮನೆಗೆ ನಡೆದಳು.

ಈಗ ಅಕ್ಕುತಾಯಿಯ ಓಣಿಯವರ ಕಿರಾಣಿ ಶಿರಗುಪ್ಪಿಯಿಂದ ಬರುತ್ತದೆ. ಪ್ಲಾಸ್ಟಿಕ್ ಬದನೆಕಾಯಿಗಾಗಿ ಊರು ಒಡೆದಳು ಅಂತ ಗಿರಿಜವ್ವ ಹೇಳಿಕೊಂಡು ತಿರುಗುತ್ತಾಳೆ. ಒಡೆದದ್ದು ಯಾವಾಗಲೋ ಒಡೆದಿತ್ತು, ಅಕ್ಕುತಾಯಿ ಬೆರಳು ಮಾಡಿ ತೋರಿಸಿದಳು, ಅಷ್ಟೇ. ರಟ್ಟಿನ ಅಂಗಡಿಯನ್ನು ಅವಳು ತೆಗೆಯಲಿಲ್ಲ. ಅಲ್ಲಿ ಕೈಗೇ ಕೊಡಬೇಕು ಅಂತ ಎಲ್ಲರಿಗೂ ಹೇಳಿದಳು. ಸಮರ್ಥ ನಾಲ್ಕೇ ದಿನದಲ್ಲಿ ಕಲಿತ. ಪೂನಮಳ ಅಂಗೈಗೂ ಇಡಲು ಹೋಗುತ್ತಾನೆ. ಮಕ್ಕಳು ಬೇಗ ಮರೆಯುತ್ತವೆ ಅಂತ ನನಗೂ ಸಮಾಧಾನವಾಗಿತ್ತು.

ಆದರೆ ಪೂನಮ ಈಗ ಅಂಗಡಿ ಇಡುವವಳು ಮಾತ್ರ ಆಗುತ್ತಾಳೆ, ಗಿರಾಕಿ ಆಗುವುದಿಲ್ಲ. ತೂಗುತ್ತಾಳೆ, ಎಲ್ಲರ ಕೈಗೂ ಕೊಡುತ್ತಾಳೆ, ನಗುತ್ತಾಳೆ. ನಿನ್ನೆ ಅಕ್ಕುತಾಯಿಯೇ ಕಟ್ಟೆಯ ಹಿಂದೆ ಕೂತು, "ಬರ್ರಿ ಅಕ್ಕಾರ, ಇವತ್ತ ನೀವ ಗಿರಾಕಿ, ಏನ ಕೊಡ್ಲಿ?" ಅಂತ ಕರೆದಳು. ಕೂಸು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿತು.

"ನನಗೇನೂ ಬ್ಯಾಡ್ರಿ" ಅಂದಿತು.