ಐರ್ಲೆಂಡಿನ ಹೇಂಟೆ

ಬೆಟಗೇರಿಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಹೋದಾಗ ಗಲ್ಲಾದ ಮುಂದೆ ನಾನು ಕೂರುತ್ತೇನೆ. ಅಂಥ ಒಂದು ಮಧ್ಯಾಹ್ನ, ಗದಗಿನ ಗುಡಿಗಳನ್ನು ನೋಡಲು ಬಂದಿದ್ದ ವಿದೇಶಿ ಹೆಂಗಸೊಬ್ಬಳು ಕೈಮಗ್ಗದ ಸೀರೆ ಕೊಂಡು, ಹೋಗುವಾಗ ನನ್ನ ಅಂಗೈಯಲ್ಲಿ ದೊಡ್ಡದೊಂದು ನಾಣ್ಯ ಇಟ್ಟಳು. ಒಂದು ಬದಿಗೆ ತಂತಿವಾದ್ಯ, ಇನ್ನೊಂದು ಬದಿಗೆ ಕುದುರೆ. ಐರ್ಲೆಂಡಿನ ಹಳೆಯ ನಾಣ್ಯ, ಈಗ ಚಲಾವಣೆಯಲ್ಲಿಲ್ಲ, ನೆನಪಿಗೆ ಇಟ್ಟುಕೊ ಎಂದಳು. ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ.

ಆ ದೇಶದವರು ಒಂದು ಕಾಲಕ್ಕೆ ತಮ್ಮ ನಾಣ್ಯಗಳ ಮೇಲೆಲ್ಲ ಪ್ರಾಣಿಗಳನ್ನೇ ಅಚ್ಚು ಹಾಕಿಸಿದ್ದರು ಎಂದು ಆಮೇಲೆ ಓದಿ ತಿಳಿದೆ. ಹೋರಿ, ಮೊಲ, ಬೇಟೆನಾಯಿ, ಹಂದಿ ಮತ್ತು ಅದರ ಮರಿಗಳು. ಅವರ ಪೆನ್ನಿಯ ಮೇಲೆ ಮಾತ್ರ ಹೇಂಟೆಯೊಂದು ತನ್ನ ಮರಿಗಳನ್ನು ಕಟ್ಟಿಕೊಂಡು ಹೊರಟಿದೆ. ನಮ್ಮ ಹಿತ್ತಲಲ್ಲಿ ಅಡ್ಡಾಡುವ ಕೋಳಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಉಳಿದವನ್ನೆಲ್ಲ ಹಾಗೂ ಹೀಗೂ ಕೂಡಿಸಿದೆ. ಹೇಂಟೆ ಮಾತ್ರ ಸಿಕ್ಕಿರಲಿಲ್ಲ. ಅಂಚೆಯಲ್ಲಿ ತರಿಸಬಹುದಿತ್ತು. ಆದರೆ ಮೊದಲನೆಯದು ತಾನಾಗಿ ಕೈಗೆ ಬಂದಿತ್ತಲ್ಲ, ಇದೂ ಹಾಗೇ ಬರಲಿ ಎಂಬ ಹಟ ನನಗೆ.

ಅಷ್ಟರಲ್ಲಿ ಯಜಮಾನರ ಉಪದೇಶ ಬೇರೆ. "ಚೆಂದ ಕಾಣೂದು ಅಷ್ಟ ನೋಡಿದ್ರ ಹೆಂಗ? ಬೆಳ್ಳೀವು ತಗೋ. ನಾಳೆ ಉಪಯೋಗಕ್ಕರೆ ಬರ್ತಾವು." ಅವರ ಮಾತು ಖರೆ ಅನ್ನಿಸಿತು. ಕೆನಡಾದ ದೋಣಿಯ ಡಾಲರು, ಮೆಕ್ಸಿಕೋದ ಹದ್ದು, ಎದೆಯುಬ್ಬಿಸಿಕೊಂಡು ಕೂತ ಆಸ್ಟ್ರಿಯಾದ ರಾಣಿ, ಹೀಗೆ ಒಂದೊಂದಾಗಿ ಕೊಂಡೆ. ಕೊಂಡವೆಲ್ಲ ಬ್ಯಾಂಕಿನ ಲಾಕರಿಗೆ ಹೋದವು. ನಮ್ಮ ಬಳಗದಲ್ಲಿ ನನಗೆ 'ನಾಣ್ಯದ ಅಕ್ಕ' ಎಂದು ಹೆಸರಾಯಿತು. ಯಾರಾದರೂ ಹಾಗೆ ಕರೆದರೆ ಕೇಳಿಸದವಳ ಹಾಗೆ ಇದ್ದು, ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದೆ.

ನನ್ನ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಲಕ್ಷ್ಮೇಶ್ವರದಲ್ಲಿದ್ದಾಳೆ. ಅವಳಿಗೆ ಬೆನ್ನಿನ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಹಣ್ಣಿನ ಜೊತೆ, ನನ್ನಲ್ಲಿ ಎರಡೆರಡಾಗಿದ್ದ ನಾಣ್ಯಗಳ ಪೊಟ್ಟಣವನ್ನೂ ಒಯ್ದಿದ್ದೆ. ಹೊತ್ತು ಹೋಗಲಿ ಪಾಪ ಎಂದು. ಅವಳು ಅವನ್ನು ಮೊರದಲ್ಲಿ ಸುರುವಿಕೊಂಡು ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದಳು.

"ಅಕ್ಕಾರ, ಇಲ್ಲೊಂದು ಕಾಂಗರೂ ಐತಿ ನೋಡ್ರಿ! ಅಯ್ಯ, ಇದಕ್ಕ ನಡುವ ತೂತ ಐತಲ್ಲರಿ, ದಾರ ಪೋಣಸಾಕನ?"

ನಾನು ದೊಡ್ಡ ತಿಳಿದವಳ ಹಾಗೆ ದೇಶ, ಲೋಹ, ಬೆಲೆ ಎಲ್ಲ ವಿವರಿಸಿದೆ. ಅವಳು ಬೆಲೆಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರಾಣಿಗಳದ್ದು ಒಂದು ಗುಂಪು, ಗಿಡಗಳದ್ದು ಒಂದು, ಮೀಸೆಯವರದ್ದು ಒಂದು ಎಂದು ಬೇರೆ ಬೇರೆ ಮಾಡಿ, ಮೀಸೆಯ ರಾಜರನ್ನು ನೋಡಿ ಬೆನ್ನು ನೋಯುವಷ್ಟು ನಕ್ಕಳು.

ಎದ್ದು ಓಡಾಡುವಂತಾದ ಮೇಲೂ ಅವಳು ಬಿಡಲಿಲ್ಲ. ಅವಳ ಮನೆಗೆ ಬಂದವರೆಲ್ಲ ನಾಣ್ಯ ನೋಡಿಕೊಂಡೇ ಹೋಗುತ್ತಿದ್ದರು. ನೋಡಿದವರು ಮುಂದಿನ ಸಲ ಬರುವಾಗ ತಮ್ಮ ಮನೆಯ ಡಬ್ಬಿ ಕೆದಕಿ ಒಂದಾದರೂ ತಂದು ಕೊಡುತ್ತಿದ್ದರು. ನನಗೆ ಯಾರೂ ತಂದು ಕೊಟ್ಟಿರಲಿಲ್ಲ. ನನ್ನವು ಲಾಕರಿನಲ್ಲಿದ್ದವು, ಯಾರು ತಾನೆ ನೋಡಿದ್ದರು? ಶಿರಹಟ್ಟಿಯಲ್ಲಿರುವ ನಮ್ಮ ಸೋದರತ್ತೆ ಒಮ್ಮೆ ನನ್ನೆದುರೇ, "ನಾಣ್ಯ ಅಂದ್ರ ಲಕ್ಷ್ಮೇಶ್ವರದಾಕಿ ಕಡೆ ನೋಡಬೇಕವಾ" ಎಂದರು. ಎಲೆಯಲ್ಲಿದ್ದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ಶ್ರಾವಣದಲ್ಲಿ ನಾನು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಳೆ ತೊಡಿಸಲು ಮನೆಗೆ ಬರುವ ಮುದುಕಿಯೊಬ್ಬಳಿದ್ದಾಳೆ, ಎಲ್ಲರೂ ಅವಳನ್ನು ಚಾಚಿ ಎನ್ನುತ್ತಾರೆ. ಅವಳು ಮೊದಲು ನನಗೆ ಹಸಿರು ಬಳೆ ತೊಡಿಸಿದಳು. ಒಂದು ಕೈ ಅವಳ ಕೈಯಲ್ಲಿದ್ದರೂ ಇನ್ನೊಂದು ಕೈಯಲ್ಲಿ ನಾನು ಮೊಬೈಲಿನಲ್ಲಿ ಬೆಳ್ಳಿಯ ದರ ನೋಡುತ್ತಿದ್ದೆ. ಆಮೇಲೆ ನೆಗೆಣ್ಣಿಯ ಸರದಿ. ಅವಳು ಚಾಚಿಯ ಸೊಂಟದಲ್ಲಿ ನೇತಾಡುತ್ತಿದ್ದ ಕೀಲಿಗೊಂಚಲನ್ನು ಹಿಡಿದೆಳೆದು, "ಚಾಚಿ, ಕೀಲಿ ನಡುವ ಇದೇನದು? ಕೋಳಿ ಐತಲ್ಲ ಇದರ ಮ್ಯಾಲೆ!" ಎಂದು ಕೂಗಿದಳು.

ನಾನು ತಲೆಯೆತ್ತಿ ನೋಡಿದೆ. ಕಪ್ಪಗಾದ ಬಿಲ್ಲೆ, ಮೇಲ್ತುದಿಗೆ ತೂತು. ಹೇಂಟೆ ಮತ್ತು ಮರಿಗಳು. ನಾನು ಅಷ್ಟು ವರ್ಷ ಕಾದದ್ದು ಅಷ್ಟು ಹೊತ್ತೂ ನನ್ನ ಮೊಣಕಾಲಿನ ಹತ್ತಿರವೇ ತೂಗಾಡುತ್ತಿತ್ತು.

"ನಮ್ಮ ಮಾವಾರು ಮುಂಬೈದಾಗ ಹಡಗದ ಮ್ಯಾಲೆ ಅಡಗಿ ಮಾಡ್ತಿದ್ರು," ಎಂದಳು ಚಾಚಿ. "ಎಲ್ಲಿಂದ ತಂದ್ರೋ ಏನೋ. ನಮ್ಮ ಮನ್ಯಾಗಿನ ಕೂಸುಗಳ ಕೊಳ್ಳಾಗ ಕಟ್ತಿದ್ವಿ, ದೃಷ್ಟಿ ಆಗಬಾರದಂತ. ಈಗ ಎಲ್ಲಾರೂ ದೊಡ್ಡವರಾದ್ರು. ನಿನಗ ಬೇಕಾ? ತಗೋ."

ಅವಳು ಕೊಟ್ಟದ್ದು ನೆಗೆಣ್ಣಿಗೆ. ತೂತು ಬಿದ್ದ ನಾಣ್ಯಕ್ಕೆ ಬೆಲೆಯಿಲ್ಲ, ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ ಎಂದು ನಾನು ಆಗಲೇ ಹೇಳಿಬಿಟ್ಟೆ. "ಮಾರವರ ಯಾರ್ರಿ ಅಕ್ಕಾರ?" ಎಂದು ಅವಳು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಒಳಗೆ ಹೋದಳು. ತಿಕ್ಕಿದರೆ ಹಾಳಾಗುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂಡರಗಿಯಲ್ಲಿ ಬಳಗದವರ ಮದುವೆ ಇತ್ತು. ನೆಗೆಣ್ಣಿ ಆ ಹೇಂಟೆಯನ್ನು ಕೆಂಪು ರೇಷ್ಮೆ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಮೈತುಂಬ ಬಂಗಾರ ಹಾಕಿಕೊಂಡವರೂ ಅದನ್ನೇ ಹಿಡಿದು ಹಿಡಿದು ನೋಡಿದರು. ಮದುಮಗಳು ಕೂಡ ಬಾಸಿಂಗ ಸರಿಪಡಿಸಿಕೊಳ್ಳುತ್ತ ಬಾಗಿ ನೋಡಿದಳು. ನಾನು ನಾಲ್ಕೆಳೆ ಸರ ಹಾಕಿಕೊಂಡಿದ್ದೆ. ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಊರಿಗೆ ಬಂದವಳೇ ಹಟ ಬಿಟ್ಟು, ಮುಂಬೈಯ ವ್ಯಾಪಾರಿಯೊಬ್ಬರಿಂದ ಒಂದು ಹೇಂಟೆಯನ್ನು ತರಿಸಿದೆ. ಯಾರ ಕೈಯಲ್ಲೂ ಸವೆಯದ, ಕೋಳಿಯ ಗರಿ ಗರಿಯೂ ಕಾಣುವ, ಈಗಷ್ಟೇ ಅಚ್ಚಿನಿಂದ ಬಿದ್ದಂಥ ನಾಣ್ಯ. ಬಳಗದವರು ಮನೆಗೆ ಬಂದಾಗ ಪ್ಲಾಸ್ಟಿಕ್ ಡಬ್ಬಿಯ ಸಮೇತ ಅವರ ಮುಂದೆ ಇಟ್ಟೆ.

"ಅಯ್ಯ, ಲಕ್ಷ್ಮೇಶ್ವರದಾಕಿ ಕೊಳ್ಳಾಗ ಇರೋದರಂಗನ ಐತಲ್ಲ!" ಎಂದರು ಸೋದರತ್ತೆ. ನನ್ನದು ಅವಳದರ ಹಾಗೆ ಇದೆಯಂತೆ!

ಕೆಲವು ತಿಂಗಳು ಕಳೆದಿರಬೇಕು. ಮೈದುನನ ಮನೆಗೆ ಹೋದಾಗ ನೆಗೆಣ್ಣಿಯ ಕೊರಳು ಬರಿದಾಗಿತ್ತು. ಕೇಳಿದೆ.

"ಬೆಳ್ಳಟ್ಟಿಯೊಳಗ ಚಾಚಿ ಮೊಮ್ಮಗಳಿಗೆ ಕೂಸ ಹುಟ್ಟೇತ್ರಿ. ಕೊಟ್ಟು ಬಂದೆ."

"ಚಾಚಿ ಕೇಳಿದ್ಲೇನು?"

"ಇಲ್ರಿ. ಬ್ಯಾಡ ಅಂತನ ಅಂದ್ಲು. ನಾನ ಬಿಡಲಿಲ್ಲ."

"ಅದ್ಹೆಂಗ ಮನಸ್ಸು ಬಂತು ನಿನಗ? ಅಷ್ಟು ಆಸೆ ಮಾಡಿದ್ದಿ."

ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು. "ಅದು ಅವರ ಮನಿ ಕೋಳಿ ಅಲ್ಲೇನ್ರಿ ಅಕ್ಕಾರ? ಹೊಸಾ ಮರಿ ಬಂದಮ್ಯಾಲ ಅಲ್ಲೇ ಇರಬೇಕು. ನಾ ಹಾಕ್ಕೊಂಡು ಮೆರದದ್ದು ಆತು."

ಒಲೆಯ ಮುಂದೆ ಕೂತಿದ್ದ ನನಗೆ ಮೊದಲು ಬಂದದ್ದು ಸಂತೋಷ. ಇನ್ನು ಇಡೀ ಬಳಗದಲ್ಲಿ ಹೇಂಟೆ ನನ್ನೊಬ್ಬಳದೇ. ಆದರೆ ಅವಳ ಮುಖ ನೋಡಿದೆ, ಕಳೆದುಕೊಂಡ ಕುರುಹೇ ಇಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು. ನನ್ನ ಪರ್ಸಿನಲ್ಲಿ ಆ ಹೊಸ ಹೇಂಟೆ ಇತ್ತು, ತೋರಿಸಲೆಂದೇ ತಂದಿದ್ದೆ. ತೆಗೆದು, "ಇದನ್ನ ನೀ ಇಟ್ಗೋ" ಎಂದುಬಿಟ್ಟೆ. ಬರೀ ಪ್ರೀತಿಯಿಂದ ಹೇಳಿದ ಮಾತಾಗಿರಲಿಲ್ಲ. ಅವಳು ತೆಗೆದುಕೊಂಡರೆ ಹಾಸಿಗೆಯ ಪಕ್ಕ ಪೊಟ್ಟಣ ಹಿಡಿದು ನಿಂತ ದಿನದ ಹಾಗೆ ಮತ್ತೆ ನಾನು ಕೊಡುವವಳಾಗುತ್ತೇನೆ, ಅವಳು ಇಸಕೊಳ್ಳುವವಳಾಗುತ್ತಾಳೆ ಎಂಬ ಆಸೆ ನನಗಿತ್ತು.

ಅವಳು ಹಿಟ್ಟಿನ ಕೈಯನ್ನು ಒರೆಸಿಕೊಂಡು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಚೆಂದ ಐತ್ರಿ. ಆದ್ರ ಭಾಳ ಹೊಸಾದು. ಯಾರೂ ಮುಟ್ಟೇ ಇಲ್ಲ ಅನ್ನೋಹಂಗ ಐತಿ. ನೀವ ಇಟ್ಗೋರಿ ಅಕ್ಕಾರ, ನಿಮಗ ಇಂಥವು ಸೇರತಾವು."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳ ತೆಗೆದು ಹಗುರಾಗಬಹುದಿತ್ತು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು, ತಿಂದು ಗದಗಿನ ಬಸ್ಸು ಹತ್ತಿದೆ.

ಅದೇ ವಾರ ಬಳಗದವರ ವಾಟ್ಸಾಪ್ ಗ್ರೂಪಿಗೆ ಅವಳೊಂದು ಫೋಟೋ ಹಾಕಿದಳು. ಬೆಳ್ಳಟ್ಟಿಯ ಕೂಸು, ಎಣ್ಣೆ ಹಚ್ಚಿದ ಮೈ, ಕಪ್ಪು ದಾರದಲ್ಲಿ ಆ ತೂತಿನ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತಿದೆ. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಕೈಮುಗಿದರು, ಹೂವು ಕಳಿಸಿದರು. ಪಕ್ಕದಲ್ಲಿ ಯಜಮಾನರು ಪೇಪರು ಮಡಚುತ್ತ, "ಬೆಳ್ಳಿ ಮತ್ತ ಏರೇತಿ ನೋಡ. ನಿನ್ನ ಲಾಕರಿನ್ಯಾಗಿನವು ಈಗ ಭರ್ಜರಿ ಮಾಲು" ಎಂದರು. ಹೂಂ ಎಂದೆ. ಆ ಕೂಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಗಿತ್ತು.

ಈಗ ನೆಗೆಣ್ಣಿ ಹಡಗಿನ ಚಿತ್ರವಿರುವ ನಾಣ್ಯಗಳನ್ನು ಕೂಡಿಸಲು ಹತ್ತಿದ್ದಾಳೆ. ಚಾಚಿಯ ಅಳಿಯ ಕುವೈತಿನಲ್ಲಿದ್ದಾನಂತೆ, ಅಲ್ಲಿಯ ನಾಣ್ಯಗಳ ಮೇಲೆಲ್ಲ ಹಾಯಿ ಬಿಚ್ಚಿದ ಹಡಗು ಇರುತ್ತದಂತೆ, ಮುಷ್ಟಿ ತುಂಬ ಕಳಿಸಿದ್ದಾನಂತೆ. ಫೋನಿನಲ್ಲಿ ಹೇಳುವಾಗ ಅವಳ ದನಿಯೇ ನಗುತ್ತಿತ್ತು. ಬೆಟಗೇರಿಗೆ ಬಂದಾಗ ನನಗೂ ಒಂದೆರಡು ತರುತ್ತಾಳಂತೆ. "ನಾ ಹಡಗಿನವು ಕೂಡಸಂಗಿಲ್ಲವಾ" ಎಂದು ಹೇಳಿ ಫೋನಿಟ್ಟೆ. ನಿನ್ನೆ ಮಧ್ಯಾಹ್ನ ಮುಂಬೈಯ ಅದೇ ವ್ಯಾಪಾರಿಯಿಂದ ಅಂಗಡಿಗೆ ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಪೋರ್ಚುಗಲ್ಲಿನದು, ಬೆಳ್ಳಿಯದು, ಮೇಲೆ ಹಡಗು. ಯಜಮಾನರು ಊಟ ಮುಗಿಸಿ ಬರುವುದರೊಳಗೆ ಅದನ್ನು ಸೀರೆಗಳ ಅಡಿಗೆ ಇಟ್ಟುಬಿಟ್ಟೆ.