ಪುಷ್ಪಾಳಿಗೆ ಬಹುಮಾನ ಬಂದ ನೀರಿನ ಬಾಟ್ಲಿ

ಕಂಪಲಾಪುರದ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿರುವ ಪುಷ್ಪಾ ಬೆಳಿಗ್ಗೆ ಪಿರಿಯಾಪಟ್ಟಣದ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದರೆ, ಸಂಜೆ ಬಸ್ಸಿಳಿದು ಮನೆ ಸೇರುವವರೆಗೆ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಉಪವಾಸವಲ್ಲ, ವ್ರತವೂ ಅಲ್ಲ. ಬ್ಯಾಂಕಿನ ಶೌಚಾಲಯ ಕೆಟ್ಟು ಕೂತಿತ್ತು, ಅಷ್ಟೇ. ಪೈಪು ಒಡೆದು ಎಷ್ಟೋ ಕಾಲವಾಗಿತ್ತು. ಬ್ಯಾಂಕಿನವರು ಮಾಡಿಸಲಿ ಅಂತ ಕಟ್ಟಡದ ಮಾಲೀಕ, ಮಾಲೀಕ ಮಾಡಿಸಲಿ ಅಂತ ಬ್ಯಾಂಕಿನವರು. ಗಂಡಸರಿಗೇನು, ತಂಬಾಕು ಹರಾಜು ಕಟ್ಟೆಯ ಕಾಂಪೌಂಡು ಗೋಡೆ ಉದ್ದಕ್ಕೂ ಇದೆ. ಪುಷ್ಪಾ ಮಾತ್ರ ತಡೆಯಲಾರದ ದಿನ ಹಿಂದಿನ ಬೀದಿಯ ಯಶೋದಮ್ಮನ ಮನೆಗೆ ಹೋಗಬೇಕು. ಯಶೋದಮ್ಮ ಒಳ್ಳೆಯ ಹೆಂಗಸು, ಬಾಗಿಲು ತೆಗೆದು ಎಲೆ ಅಡಿಕೆಯನ್ನೂ ಕೊಟ್ಟಾಳು. ಆದರೂ ದಿನಾ ಇದಕ್ಕೇ ಇನ್ನೊಬ್ಬರ ಮನೆ ಬಾಗಿಲು ತಟ್ಟಲು ಯಾರಿಗೆ ಮುಖ ಬರುತ್ತದೆ? ಅದಕ್ಕಿಂತ ಬಾಯಿ ಕಟ್ಟುವುದೇ ವಾಸಿ ಅಂದುಕೊಂಡಳು.

ಹೀಗೆ ಬಾಯಿ ಕಟ್ಟಿ ಕಟ್ಟಿ ಉರಿಮೂತ್ರ ಹತ್ತಿಕೊಂಡಿತು. ಗುಳಿಗೆ ನುಂಗಿದರೆ ಹೋಗುವುದು, ಹರಾಜಿನ ಕಾಲ ಬಂದು ಕೌಂಟರ್ ಬಿಟ್ಟೇಳದಂತಾದರೆ ಮತ್ತೆ ಬರುವುದು. ಈ ಸಲ ಹುಣಸೂರಿನ ಡಾಕ್ಟರಮ್ಮ ಬೈದೇಬಿಟ್ಟರು. "ಸೋಂಕು ಕಿಡ್ನಿಗೆ ಏರ್ತಾ ಇದೆ ಕಣ್ರೀ. ನೀರು ಕುಡೀರಿ, ಬಂದಾಗ ಎದ್ದು ಹೋಗಿ. ಇನ್ನೊಂದ್ಸಲ ಹಿಂಗಾದ್ರೆ ಕಿಡ್ನಿ ಉಳಿಯಲ್ಲ."

ಪುಷ್ಪಾ ಹೋಗಿ ಮ್ಯಾನೇಜರ್ ಮಹೇಂದ್ರನಿಗೆ ಹೇಳಿದಳು. ಅವನು ಪಾಪ ಅನ್ನುವಂತೆ ಮುಖ ಮಾಡಿದ. "ರಿಪೇರಿ ಬಾಬ್ತಲ್ಲಿ ಏನೂ ಇಲ್ಲ ಮೇಡಂ. ಉತ್ಸಾಹದ ಬಾಬ್ತಲ್ಲಿ ಬೇಕಾದಷ್ಟಿದೆ. ಆದ್ರೆ ಅದನ್ನ ಇದಕ್ಕೆ ಹಾಕಂಗಿಲ್ಲ."

ಈ ಉತ್ಸಾಹದ ಕತೆ ಕೇಳಬೇಕು. ನೌಕರರನ್ನು ಸದಾ ಹುರುಪಿನಲ್ಲಿಡಬೇಕು ಅನ್ನುವುದು ಬ್ಯಾಂಕಿನ ಮೈಸೂರು ಕಚೇರಿಗೆ ಹಿಡಿದಿದ್ದ ಹುಚ್ಚು. ಬೆಳಿಗ್ಗೆ ಷಟರ್ ಎತ್ತುವ ಮೊದಲು ಎಲ್ಲರೂ ದುಂಡಗೆ ನಿಂತು ಚಪ್ಪಾಳೆ ಹೊಡೆದು "ನಾವೇ ನಂಬರ್ ಒನ್" ಅಂತ ಕೂಗಬೇಕು. ಹುಟ್ಟಿದಹಬ್ಬ ಬಂದರೆ ನರೆತ ತಲೆಗೂ ಕಾಗದದ ಕಿರೀಟ. ತಿಂಗಳಿಗೊಂದು ಆಳೆತ್ತರದ ಬೋರ್ಡು: ನಗುಮುಖದ ಹುಡುಗಿ, ಕೆಳಗೆ "ನಿಮ್ಮ ನಗುವೇ ನಮ್ಮ ಬಲ". ಹಳೆಯ ಬೋರ್ಡುಗಳನ್ನು ಇಡಲು ಜಾಗವಿಲ್ಲದೆ ಆ ಕೆಟ್ಟ ಶೌಚಾಲಯದೊಳಗೇ ಸೂರಿನತನಕ ತುಂಬಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಆಮೇಲೆ ಬಂತು ಆರೋಗ್ಯ ಸ್ಪರ್ಧೆ. ಎಲ್ಲರ ಮೊಬೈಲಿಗೂ ಒಂದು ಆ್ಯಪು. ದಿನಕ್ಕೆ ಎಷ್ಟು ಲೋಟ ನೀರು ಕುಡಿದಿರಿ ಎಂದು ಅದರಲ್ಲಿ ಒತ್ತಬೇಕು, ಹೆಚ್ಚು ಕುಡಿದ ಶಾಖೆಗೆ ಶೀಲ್ಡು. ಬೆಳಗಿನ ಚಪ್ಪಾಳೆ ಮುಗಿಯುತ್ತಲೇ ಮಹೇಂದ್ರ ಹೇಳುತ್ತಿದ್ದ, "ಪೂರ್ತಿ ದಿನದ್ದು ಈಗ್ಲೇ ಒತ್ತಿಬುಡಿ, ಆಮೇಲೆ ಮರೀತೀರಿ." ಎಲ್ಲರೂ ಒತ್ತುತ್ತಿದ್ದರು. ಶಾಖೆಯ ಹೆಸರು ಕೆಡಿಸಿದವಳು ಎನ್ನಿಸಿಕೊಳ್ಳಬಾರದೆಂದು ಪುಷ್ಪಾಳೂ ಒಣಗಿದ ನಾಲಿಗೆ ಇಟ್ಟುಕೊಂಡು ಒಂದು ದಿನ ತಪ್ಪದಂತೆ ಒತ್ತಿದಳು. ಒತ್ತುವಾಗೆಲ್ಲ ತನ್ನ ಮೇಲೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಕಂಪಲಾಪುರವೇ ಮೊದಲು ಬಂತು! ಬಲೂನು ಕಟ್ಟಿದರು. ಮೈಸೂರಿನಿಂದ ದೊಡ್ಡ ಸಾಹೇಬರು ಶೀಲ್ಡು ತಂದರು. ಎಲ್ಲರಿಗಿಂತ ಹೆಚ್ಚು ನೀರು ಕುಡಿದವಳೆಂದು ಪುಷ್ಪಾಳ ಕೈಗೆ ನೀರು ತುಂಬಿದ ಒಂದು ದೊಡ್ಡ ಬಾಟ್ಲಿ ಕೊಟ್ಟರು. ಅದರ ಮೈಮೇಲೆ ಗಂಟೆಗೊಂದು ಗೆರೆ, ಗೆರೆಗೊಂದು "ಈಗ ಕುಡಿಯಿರಿ".

"ಒಂದು ಗುಟುಕು ಕುಡೀರಿ ಮೇಡಂ, ಫೋಟೋಗೆ," ಅಂದರು ಸಾಹೇಬರು.

ಪುಷ್ಪಾ ಬಾಟ್ಲಿ ಎತ್ತಿದಳು. ಫೋಟೋ ಆದರೂ ಇಳಿಸಲಿಲ್ಲ. ಗಟಗಟ ಪೂರ್ತಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಕುಡಿದೆ ಸರ್. ಈಗ ಎಲ್ಲಿಗೆ ಹೋಗ್ಲಿ ಹೇಳಿ." ಸಾಹೇಬರಿಗೆ ತಿಳಿಯಲಿಲ್ಲ. ಅವಳೇ ಹೋಗಿ ಶೌಚಾಲಯದ ಬಾಗಿಲು ಎಳೆದಳು. ನಗುಮುಖದ ಹುಡುಗಿಯರು ಒಬ್ಬರ ಮೇಲೊಬ್ಬರು ದಬದಬ ಸಾಹೇಬರ ಕಾಲಬುಡಕ್ಕೆ ಬಿದ್ದರು. ಹಿಂದೆಯೇ ನಾತ ಬಂತು. ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು, "ಬೇಗ ನೋಡಿ ಮಹೇಂದ್ರ," ಅಂದು ಕಾರು ಹತ್ತಿದರು. ಮುಂದಿನ ವಾರ ಮೈಸೂರಿನಿಂದ ಬಂದದ್ದು ಪ್ಲಂಬರ್ ಅಲ್ಲ, ಇನ್ನೊಂದು ಬೋರ್ಡು. ಥೂ!

ಆವತ್ತಿಂದ ಪುಷ್ಪಾ ಬಾಟ್ಲಿ ಹೇಳಿದಂತೆ ಕೇಳತೊಡಗಿದಳು. ಗೆರೆ ಬಂದಾಗ ಕುಡಿದಳು, ಒತ್ತರಿಸಿದಾಗ "ಕೌಂಟರ್ ಮುಚ್ಚಿದೆ" ಹಲಗೆ ಇಟ್ಟು ಯಶೋದಮ್ಮನ ಮನೆಗೆ ನಡೆದಳು. ಹರಾಜಿನ ಕಾಲ, ಸಾಲು ಬೀದಿಯವರೆಗೆ ಬೆಳೆಯಿತು. ತಂಬಾಕು ಮಾರಿ ಬಂದಿದ್ದ ಮುದುಕ ಕೆಂಪಯ್ಯ ರೇಗಿದ. "ಇದೇನವ್ವಾ, ಗಳಿಗೆಗೊಂದ್ಸಲ ಎದ್ದೋಯ್ತೀಯಾ? ನಾವೇನು ಕೆಲಸಿಲ್ದೋರಾ?"

"ಉಚ್ಚೆಗೆ ಹೋಗ್ತೀನಿ ಕಣಪ್ಪಾ," ಅಂದಳು ಪುಷ್ಪಾ, ಸಾಲಿಗೆಲ್ಲ ಕೇಳುವ ಹಾಗೆ. "ಬ್ಯಾಂಕಲ್ಲಿ ಜಾಗ ಇಲ್ಲ. ಹಿಂದಿನ ಬೀದಿಗೆ ಹೋಗ್ಬೇಕು." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಾಚಿಕೆಯೇ ಆಗಲಿಲ್ಲ.

ಕೆಂಪಯ್ಯ ಮ್ಯಾನೇಜರ್ ಕೋಣೆಯ ಕಡೆ ತಿರುಗಿದ. "ಏನ್ ಸ್ವಾಮಿ, ನಮ್ ದುಡ್ಡಿಡಕೆ ಅಷ್ಟು ದಪ್ಪ ಕಬ್ಣದ ರೂಮೈತೆ. ಒಂದೆಣ್ಣುಮಗೀಗೆ ಮರೆಯಾಗಕೆ ಒಂದು ಬಾಗ್ಲಿಲ್ವಾ? ನಿಮ್ಮನೇಲೂ ಹಿಂಗೇನಾ?"

ಸಂಜೆಯೊಳಗೆ ಮೈಸೂರಿನಿಂದ ಫೋನು ಬಂತು: ಸಾಲು ಬೆಳೆಯುತ್ತಿದೆಯಂತಲ್ಲ, ಆ ಬಾಟ್ಲಿಯಿಂದ ಶಿಸ್ತು ಕೆಡುತ್ತಿದೆಯಂತಲ್ಲ. ಮಹೇಂದ್ರ ಅವಳ ಮೇಜಿನಿಂದ ಬಾಟ್ಲಿ ತೆಗೆದು, ಶೀಲ್ಡಿನ ಪಕ್ಕ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. "ಬೇಜಾರು ಮಾಡ್ಕೋಬೇಡಿ ಮೇಡಂ. ಅದು ಬಹುಮಾನ. ಕುಡಿಯಕ್ಕಲ್ಲ, ನೋಡಕ್ಕೆ."

ಮಾರನೆಯ ಬೆಳಿಗ್ಗೆ ಚಪ್ಪಾಳೆಗೆ ದುಂಡಗೆ ನಿಂತಾಗ ಪುಷ್ಪಾ ಕೈ ತಟ್ಟಲಿಲ್ಲ. ಮನೆಯಿಂದ ನೀರು ತುಂಬಿ ತಂದ ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದನ್ನು ಕೌಂಟರಿನ ಮೇಲೆ ಕುಟ್ಟಿದಳು. "ಇದಕ್ಕೂ ಬೀಗ ಇದ್ರೆ ತನ್ನಿ ಸರ್."

ಷಟರ್ ಎದ್ದಿತು, ಸಾಲು ಬಂತು. ಚೊಂಬಿನ ನೀರು ಅರ್ಧಕ್ಕಿಳಿದ ಹೊತ್ತಿಗೆ ಅವಳು ಹಲಗೆ ಇಟ್ಟು ಎದ್ದಳು. ಹಿಂದಿನ ದಿನದ ಕೆಲಸ ಮುಗಿಯದೆ ಮತ್ತೆ ಬಂದಿದ್ದ ಕೆಂಪಯ್ಯ ಮುಂದಿದ್ದವರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡಿಸಿದ.

"ಓಗ್ಬಾರವ್ವಾ," ಅಂದ. "ನಾವು ನಿಂತಿರ್ತೀವಿ."